ಎರ್ರಣ್ಣನ ಕಟ್ಟು ಬಿಚ್ಚಿದವಳು

ಕುರುಗೋಡು,
ಜೂನ್ 20, 2024

ನನ್ನ ಮಾರೇಶಾ,

ಅಸ್ಸಾಮಿನ ಮಳೆಯಲ್ಲಿ ನಿನ್ನ ಕೆಮ್ಮು ಕಡಿಮೆಯಾಯಿತೇ? ಕ್ಯಾಂಪಿನ ಊಟ ಮೈಗೆ ಹತ್ತುತ್ತಿದೆಯೇ? ಫೋನಿನಲ್ಲೇ ಕೇಳಬಹುದಿತ್ತು, ಆದರೆ ಜ್ಯೋತಿಯ ಹೆಸರೆತ್ತಿದರೆ ಸಾಕು, ನೀನು ಫೋನ್ ಇಟ್ಟುಬಿಡುತ್ತೀ. ಕಾಗದವನ್ನು ಹೇಗೆ ಅರ್ಧಕ್ಕೆ ನಿಲ್ಲಿಸುತ್ತೀಯೋ ನೋಡುತ್ತೇನೆ.

ನಿನ್ನ ಹೆಂಡತಿ ನಾಲ್ಕು ಜನರೆದುರು ಮಾವನ ಮರ್ಯಾದೆ ಕಳೆದಳೆಂದು ಯಾರೋ ನಿನ್ನ ಕಿವಿ ಊದಿದ್ದಾರೆ. ಕಣ್ಣಾರೆ ಕಂಡವಳು ನಾನು, ಕೇಳು. ನಿನ್ನ ಮಗ ಪರಶು ನೆಲ್ಲಿನ ಚೀಲ ತುಂಬಿದ ಟ್ರಾಲಿಯಿಂದ ಜಿಗಿದು ಕೈಯೂರಿ ಬಿದ್ದ. ಮೊಳಕೈ ಬದನೆಕಾಯಿಯಂತೆ ಊದಿತು. ಎಲುಬು ಕೂಡಿಸುವ ಅಜ್ಜ ಮನೆಯಲ್ಲೇ ಇರುವಾಗ ಇನ್ನೆಲ್ಲಿಗೆ ಹೋಗುವುದು? ನಿಮ್ಮಪ್ಪ ಎಣ್ಣೆ ತಿಕ್ಕಿ, ಉದ್ದಿನಹಿಟ್ಟಿಗೆ ಮೊಟ್ಟೆಯ ಬಿಳಿ ಕಲಸಿ ಹಚ್ಚಿ, ಬಿದಿರಿನ ದಬ್ಬೆ ಇಟ್ಟು ಬಿಗಿದರು. ಎರ್ರಣ್ಣ ಕಟ್ಟಿದ್ದನ್ನು ಎರ್ರಣ್ಣನೇ ಬಿಚ್ಚಬೇಕು, ಅದು ಈ ಮನೆಯ ಕಟ್ಟಳೆ. ಕೂಸು ಚೀರುತ್ತಲೇ ಇತ್ತು. ಜ್ಯೋತಿ ಅದರ ಬೆರಳು ಮುಟ್ಟಿ ನೋಡಿ, "ಮಾವಾ, ಬೆರಳು ತಣ್ಣಗ ಆಗ್ಯಾವ, ಬೆಳ್ಳಗ ಆಗ್ಯಾವ, ಬಿಚ್ಚ್ರಿ" ಎಂದು ಕೈಮುಗಿದಳು. ಅವರು ಕೇಳಲಿಲ್ಲ. ಆಗ ನೆರೆದವರೆದುರೇ ಕತ್ತರಿ ತಂದು ಕಟ್ಟನ್ನೇ ಕತ್ತರಿಸಿದಳು ನೋಡು! ಸಿರುಗುಪ್ಪದ ಹೆಣ್ಣು, ಬಾಯಿ ಜೋರು ಎಂದು ಮದುವೆಯಲ್ಲೇ ಅಂದಿದ್ದೆ. ಗುಂಡಿಗೆಯೂ ಗಟ್ಟಿ ಎಂದು ಅವತ್ತು ಗೊತ್ತಾಯಿತು.

ಆ ರಾತ್ರಿಯೇ ಕೂಸನ್ನು ಎತ್ತಿಕೊಂಡು ಬಳ್ಳಾರಿಯ ಆಸ್ಪತ್ರೆಗೆ ಹೋದೆವು. ಅಲ್ಲಿಯ ಡಾಕ್ಟರಮ್ಮ ಮೊದಲು ಹಿಡಿದು ನೋಡಿದ್ದು ಮಣಿಕಟ್ಟಿನ ನಾಡಿ. ಎಳೆಯ ಎಲುಬು ಎಕ್ಸ್‌ರೇಯಲ್ಲಿ ಪೂರಾ ಕಾಣುವುದಿಲ್ಲವಂತೆ. ಅದಕ್ಕೆ ಚೆನ್ನಾಗಿರುವ ಕೈಯದನ್ನೂ ತೆಗೆಸಿ, ಎರಡನ್ನೂ ಹೋಲಿಸಿ ನೋಡಿದರು. ಮೊಳಕೈಯ ಮೇಲೆ ಎಲುಬು ಮುರಿದು ರಕ್ತನಾಳವನ್ನು ಅದುಮಿತ್ತು. ಮತ್ತಿನ ಮದ್ದು ಕೊಟ್ಟು, ಎಲುಬು ಕೂಡಿಸಿ, ತಂತಿ ಹಾಕಿದರು. "ಕಟ್ಟು ಬಿಚ್ಚಿದವ್ರು ಯಾರು? ಬೆಳಗಿನತನಕ ಬಿಟ್ಟಿದ್ರ ಕೈನ ಹೋಗತಿತ್ತು" ಅಂದರು. ಇಡೀ ವಾರ್ಡಿಗೆ ಕೇಳುವಂತೆ "ನಮ್ಮ ಸೊಸಿ ರೀ!" ಅಂದೆ. ಅಷ್ಟು ಹೆಮ್ಮೆ ನಿನ್ನನ್ನು ಹೆತ್ತಾಗಲೂ ಆಗಿರಲಿಲ್ಲ, ಸಿಟ್ಟಾಗಬೇಡ. ಈಗ ತಂತಿ ತೆಗೆದಿದ್ದಾರೆ. ಪರಶು ಅದೇ ಕೈಯಿಂದ ರೊಟ್ಟಿ ಮುರಿಯುತ್ತಾನೆ, ನನಗೆ ಹೊಡೆಯುತ್ತಾನೆ ಕೂಡ.

ಹೊತ್ತಿಗೆ ಸರಿಯಾಗಿ ಉಣ್ಣು. ಮಾರೆಮ್ಮ ತಾಯಿ ನಿನ್ನ ಬಂದೂಕನ್ನೂ ನಿನ್ನ ಮೂಗಿನ ತುದಿಯ ಸಿಟ್ಟನ್ನೂ ಕಾಯಲಿ.

ನಿನ್ನ ಅವ್ವ,
ಉಚ್ಚೆಂಗೆಮ್ಮ

ಹಾಂ, ಮರೆತೆ: ನಿನ್ನೆ ಕೊಳಗಲ್ಲಿನಿಂದ ಒಬ್ಬಳು ಮೊಳಕೈ ಊದಿದ ಕೂಸನ್ನು ಎತ್ತಿಕೊಂಡು ಬಂದಳು. ನಿಮ್ಮಪ್ಪ ಎಣ್ಣೆ ಬಾಟಲಿ ಮುಟ್ಟಲಿಲ್ಲ. ನಾಲ್ಕು ಜನರೆದುರೇ ಒಳಗೆ ತಿರುಗಿ, "ಜ್ಯೋತೀ, ಮೊದಲ ಬೆರಳು ನೋಡು ಬಾರವ್ವಾ" ಎಂದು ಕೂಗಿದರು. ಆಮೇಲೆ ತಾವೇ ಬಳ್ಳಾರಿಯ ಬಸ್ಸು ಹತ್ತಿಸಿ ಬಂದರು. ಮರ್ಯಾದೆ ಹೋಯಿತು ಎನ್ನಬೇಕಾದವರೇ ಆಕೆಯನ್ನು ಕರೆಯುತ್ತಿದ್ದಾರೆ. ನೀನು ಯಾವಾಗ ಕರೆಯುತ್ತೀ?