ಉಡಿ ತುಂಬಿಸಿಕೊಂಡವಳು ಕಣದಿಂದ ಸರಿದಿಲ್ಲ

ಪಕ್ಷದ ರಾಜ್ಯ ಕಚೇರಿಯಿಂದ ನಮ್ಮ ಕ್ಷೇತ್ರಕ್ಕೆ ಬಂದುಹೋದ ಮಾನ್ಯ ವೀಕ್ಷಕರೇ,

ತಾವು ಸುಳ್ಳು ಬರೆದಿದ್ದೀರಿ. ಮೊದಲು ಕುಶಲ ವಿಚಾರಿಸಿ, ತಮ್ಮ ಪ್ರಯಾಣ ಸುಖಕರವಾಗಿತ್ತೇ ಎಂದು ಕೇಳಿ, ಆಮೇಲೆ ಮೆಲ್ಲಗೆ ವಿಷಯಕ್ಕೆ ಬರುವುದು ಸಭ್ಯತೆ ಎಂಬುದು ನನಗೂ ಗೊತ್ತಿದೆ. ಆದರೆ ತಮ್ಮ ಸಭ್ಯತೆಯನ್ನು ಹತ್ತಿರದಿಂದ ಕಂಡ ಮೇಲೆ ನನ್ನದು ತುಸು ಕಡಿಮೆಯಾಗಿದೆ. ಜಿಲ್ಲಾ ಪಂಚಾಯತಿ ಟಿಕೆಟ್ ಯಾರಿಗೆ ಎಂದು ತೀರ್ಮಾನಿಸಲು ನಡೆಯಬೇಕಿದ್ದ ಪಕ್ಷದ ಸದಸ್ಯರ ಗುಪ್ತ ಮತದಾನದ ಕುರಿತು ತಾವು ಕೊಟ್ಟ ವರದಿಯಲ್ಲಿ, "ಆಕಾಂಕ್ಷಿ ಶ್ರೀಮತಿ ಆಮ್ರಪಾಲಿ ಅವರು ಹಿರಿಯರ ಆಶೀರ್ವಾದ ಪಡೆದು ಸ್ವಇಚ್ಛೆಯಿಂದ ಹಿಂದೆ ಸರಿದಿದ್ದು, ಹಾಲಿ ನಾಯಕರ ಹೆಸರು ಸರ್ವಾನುಮತದಿಂದ ಅಂಗೀಕಾರವಾಗಿದೆ" ಎಂದಿದೆ. ಆಮ್ರಪಾಲಿ ಹಿಂದೆ ಸರಿದಿಲ್ಲ. ಆ ಸರ್ವಾನುಮತದ ಸರ್ವರಲ್ಲಿ ನಾನೂ ಒಬ್ಬಳು. ನನ್ನನ್ನು ಯಾರೂ ಕೇಳಲಿಲ್ಲ. ತಮ್ಮ ವಾಕ್ಯ ಪತ್ರಿಕೆಯಲ್ಲಿ ನಾಲ್ಕು ಜನರ ಮುಂದೆ ಬಂದಿರುವುದರಿಂದ ನನ್ನ ಉತ್ತರವೂ ನಾಲ್ಕು ಜನರ ಮುಂದೆಯೇ ಬರಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ.

ನಾನು ತಿಕೋಟಾದ ಬಸ್ ನಿಲ್ದಾಣದ ಹಿಂದೆ ಕುಪ್ಪಸ ಹೊಲಿಯುವ ಅಂಗಡಿ ಇಟ್ಟವಳು. ಬಿ.ಎ. ಮುಗಿಸಿದ್ದೇನೆ, ಪಕ್ಷದ ಸದಸ್ಯತ್ವ ತೆಗೆದುಕೊಂಡಿದ್ದೇನೆ, ಎರಡರಿಂದಲೂ ಇದುವರೆಗೆ ಏನೂ ಉಪಯೋಗವಾಗಿಲ್ಲ. ಪ್ರತಿ ಚುನಾವಣೆಯಲ್ಲೂ ಮನೆಮನೆಗೆ ಹೋಗಿ ಹೆಂಗಸರನ್ನು ಕರೆತರುವ ಕೆಲಸ ನಮ್ಮಂಥವರಿಗೆ. ಯಾರಿಗೆ ಮತ ಕೇಳಬೇಕು ಎಂಬುದು ಮಾತ್ರ ನಮಗೆ ಕೊನೆಯಲ್ಲಿ ಗೊತ್ತಾಗುತ್ತದೆ, ಅದೂ ಪ್ರತಿ ಸಲ ಒಂದೇ ಹೆಸರು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಊರಲ್ಲಿ ಎಲ್ಲರೂ ಸಾಹುಕಾರರು ಎನ್ನುತ್ತಾರೆ, ನಾನೂ ಹಾಗೇ ಎನ್ನುತ್ತೇನೆ. ಕ್ಷೇತ್ರ ಸಾಮಾನ್ಯವಾಗಿದ್ದಾಗ ಅವರೇ ಸದಸ್ಯರು. ಮಹಿಳೆಗೆ ಮೀಸಲಾದಾಗ ಅವರ ಹೆಂಡತಿ ಸದಸ್ಯೆ, ಸಭೆಗೆ ಹೋಗುವವರು ಮಾತ್ರ ಸಾಹುಕಾರರೇ. ಹಿಂದುಳಿದ ವರ್ಗಕ್ಕೆ ಮೀಸಲಾದಾಗ ಅವರ ಗಾಡಿ ಓಡಿಸುವವನು ಸದಸ್ಯ. ಆ ಅವಧಿಯಲ್ಲಿ ಸಾಹುಕಾರರು ಹಿಂದಿನ ಸೀಟಿನಲ್ಲಿ ಕುಳಿತು ಅಧಿಕಾರ ನಡೆಸಿದರು, ಸದಸ್ಯ ಮುಂದೆ ಕುಳಿತು ಗೇರು ಬದಲಿಸಿದ. ಕೊನೆಯ ಅವಧಿ ಮುಗಿದು ವರ್ಷಗಳಾದರೂ ಅವರ ಗಾಡಿಯ ಮೇಲಿನ ಹಲಗೆಯಿಂದ ಪದವಿ ಇಳಿದಿಲ್ಲ. ಮೀಸಲಾತಿಯನ್ನು ಇಷ್ಟು ಶ್ರದ್ಧೆಯಿಂದ ಒಂದೇ ಮನೆಯೊಳಗೆ ಹಂಚಿದವರು ಬೇರೆಲ್ಲಾದರೂ ಇದ್ದರೆ ತಿಳಿಸಿ, ಹೋಗಿ ಕೈಮುಗಿದು ಬರುತ್ತೇನೆ.

ಹೀಗಿರುವಾಗ ಈ ಸಲ ಸದಸ್ಯರೇ ಚೀಟಿ ಹಾಕಿ ಅಭ್ಯರ್ಥಿಯನ್ನು ಆರಿಸಲಿ ಎಂದು ಪಕ್ಷ ಹೇಳಿತು. ಹೇಳಿದವರು ನಾವಲ್ಲ, ನೀವು. ನಾವು ಅದನ್ನು ನಂಬಿದೆವು. ಆಮ್ರಪಾಲಿ ಅರ್ಜಿ ಹಾಕಿದಳು. ವಿಜಯಪುರದ ಕೋರ್ಟಿನಲ್ಲಿ ವಕೀಲಿಕೆ ಮಾಡುವವಳು, ನಮ್ಮೂರವಳು. ಅವಳ ತಾಯಿ ಪರಸವ್ವ ಇಂದಿಗೂ ಶೆಡ್ಡಿನಲ್ಲಿ ಕುಳಿತು ಒಣದ್ರಾಕ್ಷಿ ಆರಿಸುತ್ತಾರೆ. ದ್ರಾಕ್ಷಿಗೆ ಹಾಕುವ ಗಂಧಕದ ಹೊಗೆಗೆ ಕೆಮ್ಮುವ ಆ ಹೆಂಗಸರಿಗೆ ಮೂಗಿಗೆ ಕಟ್ಟಿಕೊಳ್ಳಲು ಬಟ್ಟೆ, ಮರೆಯಲ್ಲಿ ಒಂದು ಶೌಚಾಲಯ, ಕುಡಿಯಲು ನೀರು ಬೇಕೆಂದು ಶೆಡ್ಡಿನಿಂದ ಶೆಡ್ಡಿಗೆ ತಿರುಗಿದವಳು ಅವಳು. ಕೆಲವು ಕಡೆ ಕೊಡಿಸಿದಳು, ಕೆಲವು ಕಡೆ ಬೈಸಿಕೊಂಡಳು. ರಾಜಕೀಯ ಅವಳಿಗೆ ಹೊಸದು. ಭಾಷಣ ಮಾಡಲು ನಿಂತರೆ ಬರೆದುಕೊಂಡ ಹಾಳೆಯನ್ನೇ ಓದುತ್ತಾಳೆ. ಆದರೂ ಹೆಂಗಸರು ತಮ್ಮಷ್ಟಕ್ಕೆ ತಾವೇ ಸದಸ್ಯತ್ವದ ಕಾರ್ಡು ಹುಡುಕಿ ಟ್ರಂಕಿನಿಂದ ಹೊರತೆಗೆದರು. ಅಂಥದ್ದನ್ನು ನಾನು ಹಿಂದೆ ನೋಡಿರಲಿಲ್ಲ.

ತಾವು ಸಭೆಯನ್ನು ತಿಕೋಟಾದಲ್ಲಿ ಇಡಲಿಲ್ಲ. ವಿಜಯಪುರದಲ್ಲಿ, ಇಬ್ರಾಹಿಂಪುರದ ರೈಲ್ವೆ ಹಳಿಯ ಆಚೆ, ಸಾಹುಕಾರರ ಬೀಗರ ಮಂಗಲ ಕಾರ್ಯಾಲಯದಲ್ಲಿ ಇಟ್ಟಿರಿ. ತಮಗೆ ಲಾಡ್ಜು ಹತ್ತಿರವಾಗುತ್ತಿತ್ತು ಎಂದು ಆಮೇಲೆ ತಿಳಿಯಿತು. ಸಾಹುಕಾರರ ಕಡೆಯವರು ಜೀಪಿನಲ್ಲಿ ಬಂದರು. ನಮ್ಮ ಹೆಂಗಸರು ಆ ದಿನದ ಕೂಲಿ ಬಿಟ್ಟು, ಸರ್ಕಾರಿ ಬಸ್ಸಿನಲ್ಲಿ ಆಧಾರ್ ತೋರಿಸಿ, ನಿಂತುಕೊಂಡೇ ಬಂದರು. ಬಾಗಿಲಲ್ಲೇ ಎಲ್ಲರ ಕೈಗೂ ಮತದ ಚೀಟಿ ಕೊಟ್ಟಿದ್ದರು, ವೇದಿಕೆಯ ಮೇಲೆ ಮತಪೆಟ್ಟಿಗೆ ಇತ್ತು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಹಾಗಾಗಿ ಪೆಟ್ಟಿಗೆಯೇ ಬಂದಿರಲಿಲ್ಲ ಎಂದು ಇನ್ನೊಂದು ವರದಿ ಬರೆಯಬೇಡಿ.

ಮತದಾನ ಶುರುವಾಗುವ ಹೊತ್ತಿಗೆ ಸಾಹುಕಾರರು ಮೈಕ್ ತೆಗೆದುಕೊಂಡರು. "ಆಮ್ರಪಾಲಿ ಬ್ಯಾರೆ ಯಾರೂ ಅಲ್ರಿ, ನಮ್ಮ ಮನಿ ಮಗಳು. ಇವತ್ತ ನಮ್ಮ ಮನಿಯಾಕಿ ಆಕಿಗಿ ಉಡಿ ತುಂಬತಾಳ" ಎಂದರು. ಮನೆಯ ಮಗಳಂತೆ! ಪರಸವ್ವ ಅವರ ತೋಟದಲ್ಲಿ ಎಷ್ಟೋ ಸುಗ್ಗಿ ದುಡಿದವರು, ಆ ಮನೆಯ ಹಿತ್ತಲ ಬಾಗಿಲ ತನಕ ಮಾತ್ರ ಬಲ್ಲರು. ಮಗಳಿಗೆ ತವರು ಇಷ್ಟು ತಡವಾಗಿ, ಅದೂ ಮತಪೆಟ್ಟಿಗೆಯ ಪಕ್ಕದಲ್ಲಿ ಸಿಕ್ಕಿತು. ಸಾಹುಕಾರರ ಹೆಂಡತಿ ಶಂಕ್ರೆವ್ವ ತಾಟು ಹಿಡಿದು ಬಂದರು. ಅರಿಶಿನ ಕುಂಕುಮ ಹಚ್ಚಿ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಖಣ ಎಲ್ಲವನ್ನೂ ಆಮ್ರಪಾಲಿಯ ಸೆರಗಿಗೆ ಹಾಕಿದರು. ಆಮ್ರಪಾಲಿ ಬಗ್ಗಿ ಸೆರಗೊಡ್ಡಿದಳು.

ಏಕೆ ಒಡ್ಡಿದಳು ಎಂದು ತಾವು ಕೇಳಬಹುದು. ಕೇಳಲಿಲ್ಲ, ಆದರೂ ಹೇಳುತ್ತೇನೆ. ಉಡಿ ತುಂಬಲು ಬಂದ ಹೆಣ್ಣುಮಗಳನ್ನು ನಮ್ಮ ಕಡೆ ಯಾವ ಹೆಣ್ಣೂ ಬೇಡ ಎಂದು ಕಳಿಸುವುದಿಲ್ಲ. ಬೇಡ ಎಂದರೆ ಆ ಅವಮಾನ ಸಾಹುಕಾರರಿಗೆ ತಟ್ಟುವುದಿಲ್ಲ, ತಾಟು ಹಿಡಿದು ನಿಂತ ಶಂಕ್ರೆವ್ವನಿಗೆ ತಟ್ಟುತ್ತದೆ. ನನ್ನ ಮದುವೆಯಲ್ಲಿ ಪಕ್ಕದ ಮನೆಯ ಶಿವಯೋಗೆಪ್ಪನವರ ಹೆಂಡತಿ ನನಗೂ ಉಡಿ ತುಂಬಿದ್ದರು. ನಮ್ಮ ಅಮ್ಮ ಅಬೇದಾ ಆ ಅಕ್ಕಿಯನ್ನು ಒಂದು ಕಾಳೂ ಚೆಲ್ಲದಂತೆ ಮನೆಗೆ ತಂದು ಪಾಯಸ ಮಾಡಿದ್ದರು. ತುಂಬಿದ ಉಡಿಯನ್ನು ಕಂಡಕಂಡಲ್ಲಿ ಇಳಿಸುವಂತಿಲ್ಲ, ಚೆಲ್ಲುವಂತಿಲ್ಲ, ಎರಡೂ ಕೈಯಿಂದ ಹಿಡಿದೇ ಇರಬೇಕು. ಇದು ಸಭೆಯಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಎಲ್ಲರಿಗಿಂತ ಚೆನ್ನಾಗಿ ಸಾಹುಕಾರರಿಗೆ ಗೊತ್ತಿತ್ತು.

ಹಾಗಾಗಿ ಅವಳ ಎರಡೂ ಕೈ ಸೆರಗಿನಲ್ಲಿದ್ದಾಗ ಅವರು ಸಭೆಯನ್ನು ಕೇಳಿದರು: "ಉಡಿ ತುಂಬಿಸ್ಕೊಂಡ ಮಗಳು ತವರಿನ ಮ್ಯಾಲ ಜಗಳಾ ತಗೀತಾಳೇನ್ರಿ? ಮುಗೀತು. ನಾವೆಲ್ಲಾ ಒಂದ." ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಆಮ್ರಪಾಲಿ "ಸರ್ರ, ನಾ ಹಿಂದ ಸರದಿಲ್ರಿ, ಮತದಾನ ಆಗ್ಲಿ" ಎಂದಳು. ನಾನು ಮೂರನೇ ಸಾಲಿನಲ್ಲಿದ್ದೆ, ನನಗೆ ಕೇಳಿಸಿತು. ತಾವು ಅವಳ ಪಕ್ಕದ ಕುರ್ಚಿಯಲ್ಲಿದ್ದಿರಿ, ತಮಗೆ ಕೇಳಿಸಲಿಲ್ಲವೇ? ಮೈಕ್ ಹಿಡಿಯಲು ಅವಳಿಗೆ ಮೂರನೇ ಕೈ ಇರಲಿಲ್ಲ, ಹಿಡಿದುಕೊಡಲು ತಮಗೆ ಎರಡು ಕೈ ಇದ್ದವು. ಒಂದರಲ್ಲಿ ತಾವು ಮೊಬೈಲು ಹಿಡಿದು ಫೋಟೋ ತೆಗೆಯುತ್ತಿದ್ದಿರಿ. ಆಮೇಲೆ ಎದ್ದು ನಿಂತು, ಉತ್ತರ ಕರ್ನಾಟಕದ ಈ ಸಂಸ್ಕೃತಿ ಕಂಡು ತಮ್ಮ ಹೃದಯ ತುಂಬಿ ಬಂದಿದೆ ಎಂದಿರಿ. ನಮ್ಮ ಸಂಸ್ಕೃತಿಗೆ ತಮ್ಮ ಪ್ರಮಾಣಪತ್ರ ಬೇಕಾಗಿರಲಿಲ್ಲ ಸ್ವಾಮಿ, ಪೆಟ್ಟಿಗೆಯ ಮುಚ್ಚಳ ತೆಗೆದಿದ್ದರೆ ಸಾಕಿತ್ತು.

ಪರಸವ್ವ ಚೀಟಿ ಹಿಡಿದು ತಮ್ಮ ಹತ್ತಿರ ಬಂದದ್ದು ನೆನಪಿದೆಯೇ? ತಾವು ಬಹಳ ಪ್ರೀತಿಯಿಂದ, "ಮುಗೀತಮ್ಮ, ಊಟ ಮಾಡಿ ಹೋಗಿ" ಎಂದಿರಿ. ಆ ಮುದುಕಿ, "ಉಂಡು ಬಂದೀನ್ರಿ ಯಪ್ಪಾ. ಚೀಟಿ ಎಲ್ಲಿ ಹಾಕೂದು ಅದನ್ನ ಹೇಳ್ರಿ" ಎಂದರು. ತಾವು ಕೈಗಡಿಯಾರ ನೋಡಿಕೊಂಡಿರಿ. ಅಷ್ಟರಲ್ಲಿ ಯಾರೋ ಪೆಟ್ಟಿಗೆಯನ್ನು ಎತ್ತಿ ಅಡುಗೆಮನೆಯ ಕಡೆ ಒಯ್ದರು. ನನಗೆ ಅಲ್ಲಿಯೇ ಅಳು ಬಂತು, ಸಿಟ್ಟಿನಿಂದ ಬಂದ ಅಳು.

ಅದೇ ವಾರ ತಾವು ಬಬಲೇಶ್ವರದ ಕಡೆಯ ಒಂದು ಕ್ಷೇತ್ರದಲ್ಲೂ ಸಭೆ ನಡೆಸಿದಿರಿ. ಅಲ್ಲಿ ಆಕಾಂಕ್ಷಿಗಳು ಇಬ್ಬರೂ ಗಂಡಸರು. ಇಬ್ಬರಿಗೂ ಶಾಲು ಹೊದಿಸಿ, ಹಾರ ಹಾಕಿ, ಒಬ್ಬರನ್ನೊಬ್ಬರು ಅಪ್ಪಿಕೊಳ್ಳುವಂತೆ ಮಾಡಿ, ಆಮೇಲೆ ಪೆಟ್ಟಿಗೆ ಇಟ್ಟು, ಚೀಟಿ ಎಣಿಸಿ, ಗೆದ್ದವನ ಹೆಸರು ಕೂಗಿದಿರಿ. ಶಾಲು ಹೊದ್ದ ಗಂಡಸು ಕಣದಿಂದ ಸರಿದ ಎಂದು ತಾವು ಬರೆಯಲಿಲ್ಲ. ಅವನಿಗೆ ಮಾಡಿದ್ದು ಸನ್ಮಾನ, ಇವಳಿಗೆ ಮಾಡಿದ್ದು ರಾಜಿ. ಯಾವ ನಿಯಮದ ಪ್ರಕಾರ? ಪಕ್ಷದ ನಿಯಮಾವಳಿಯಲ್ಲಿ ಹೆಂಗಸರಿಗೆ ಬೇರೆ ಪುಟವಿದ್ದರೆ ನಮಗೂ ಓದಲು ಕೊಡಿ.

ಇದರಿಂದ ಆದದ್ದೇನು ಎಂದು ತಮಗೆ ಗೊತ್ತಿರಲಿಕ್ಕಿಲ್ಲ. ಟಿಕೆಟ್ ಹೋದರೆ ಹೋಗಲಿ, ಮುಂದಿನ ಸಲ ನೋಡೋಣ ಎನ್ನಬಹುದಿತ್ತು. ಆದರೆ ಸ್ವಇಚ್ಛೆಯಿಂದ ಎಂಬ ತಮ್ಮ ಒಂದು ಪದ ಶೆಡ್ಡುಗಳಿಗೆ ತಮಗಿಂತ ಬೇಗ ತಲುಪಿತು. ಮೊನ್ನೆ ಆಮ್ರಪಾಲಿ ಎಂದಿನಂತೆ ಹೋದಾಗ ಒಬ್ಬಳು ತಲೆ ಎತ್ತದೆಯೇ, "ಅಕ್ಕಗ ದೊಡ್ಡ ತವರು ಸಿಕ್ಕೈತಿ ಬಿಡ್ರಿ, ಇನ್ನ ನಮ್ಮ ಶೆಡ್ಡಿಗಿ ಯಾಕ ಬರ್ತಾಳ" ಎಂದಳಂತೆ. ಆಮ್ರಪಾಲಿ ಅದನ್ನು ನನಗೆ ಹೇಳುವಾಗ ನಗಲು ನೋಡಿದಳು, ಆಗಲಿಲ್ಲ. ಅವಳ ಹತ್ತಿರ ಇದ್ದದ್ದು ಆ ಹೆಂಗಸರ ನಂಬಿಕೆ ಒಂದೇ. ಸಾಹುಕಾರರಿಗೆ ಅದನ್ನು ಕಸಿಯಲು ಇಷ್ಟು ವರ್ಷ ಆಗಿರಲಿಲ್ಲ, ತಾವು ಒಂದು ವಾಕ್ಯದಲ್ಲಿ ಕಸಿದಿರಿ.

ಇನ್ನು ತಮಗೆ ಗೊತ್ತೇ ಇಲ್ಲದ ಒಂದು ಸಂಗತಿ. ಹೋದ ವಾರ ಶಂಕ್ರೆವ್ವ ಕುಪ್ಪಸದ ಅಳತೆ ಕೊಡಲು ನನ್ನ ಅಂಗಡಿಗೆ ಬಂದಿದ್ದರು. ನಾನು ಮುಖ ಗಂಟು ಹಾಕಿಕೊಂಡು ಟೇಪು ಹಿಡಿದಿದ್ದೆ. ಅವರೇ ಮಾತು ತೆಗೆದರು. "ನಸ್ರೀನ, ನಾ ಗೆದ್ದು ಬಾರವಾ ಅಂತ ಆಕಿಗಿ ಉಡಿ ತುಂಬೀನಿ. ಹೊಂಟಾಕಿಗಿ ಉಡಿ ತುಂಬತಾರೋ, ಮನ್ಯಾಗ ಕುಂದ್ರಾಕಿಗಿ ತುಂಬತಾರೋ? ಇವರು ಅದನ್ನ ಹಿಂಗ ತಿರುವತಾರ ಅಂತ ನನಗ ಗೊತ್ತಿದ್ದಿಲ್ಲ" ಎಂದರು. ನಾನು ಟೇಪು ಕೆಳಗಿಟ್ಟೆ. ಅವರು ಮತ್ತೆ ಹೇಳಿದರು: "ಐದ ವರ್ಷ ನಾ ಮೆಂಬರ್ ಇದ್ನಿ ಬೇ. ಆ ಆಫೀಸಿನಾಗಿನ ಕುರ್ಚಿ ಹ್ಯಾಂಗ ಐತಿ ನೋಡಿಲ್ಲ. ಈಕಿ ಗೆದ್ದರ ಈಕೀನ ಹೋಗಿ ಕುಂದ್ರತಾಳ ಅನ್ನಿಸ್ತು. ಪೆಟ್ಟಿಗಿ ತಗದಿದ್ರ ನನ್ನ ಚೀಟೀನೂ ಆಕಿಗೇ ಇತ್ತು."

ಇದನ್ನು ಪತ್ರದಲ್ಲಿ ಬರೆಯಲೇ ಎಂದು ಕೇಳಿದೆ. ಅವರು ಸೆರಗು ಸರಿಮಾಡಿಕೊಂಡು ಎದ್ದರು. ಆಮೇಲೆ, "ಬರಿ. ಹೆಸರ ಹಾಕೇ ಬರಿ. ಮನ್ಯಾಗ ಏನಾಕ್ಕೇತಿ ಅದನ್ನ ನಾ ನೋಡ್ಕೋತೀನಿ" ಎಂದರು. ತಮ್ಮ ಸರ್ವಾನುಮತ ಸಾಹುಕಾರರ ಸ್ವಂತ ಮನೆಯೊಳಗೇ ಇರಲಿಲ್ಲ ಮಾನ್ಯರೇ. ಇಂದು ಈ ಪತ್ರ ಅಚ್ಚಾದ ಮೇಲೆ ಆ ಹೆಂಗಸು ಯಾವ ಮುಖ ಹೊತ್ತು ಆ ಮನೆಯೊಳಗೆ ಊಟ ಬಡಿಸಬೇಕೋ ನನಗೆ ಗೊತ್ತಿಲ್ಲ. ಅವರು ಅಷ್ಟಕ್ಕೆ ತಯಾರಾದರು. ತಾವು ಒಂದು ವರದಿ ತಿದ್ದಲು ತಯಾರಾಗಲಾರಿರೇ?

ಆದ್ದರಿಂದ ನಮ್ಮ ಬೇಡಿಕೆ. ಆಮ್ರಪಾಲಿ ಹಿಂದೆ ಸರಿದಿಲ್ಲ ಎಂದು ತಮ್ಮ ಸಹಿಯೊಂದಿಗೆ ಬರೆದು ಪ್ರಕಟಿಸಿ. ಟಿಕೆಟ್ ಘೋಷಣೆಯನ್ನು ತಡೆಹಿಡಿಯಿರಿ. ತಿಕೋಟಾದಲ್ಲಿ, ಯಾರ ಬೀಗರದ್ದೂ ಅಲ್ಲದ ಒಂದು ಜಾಗದಲ್ಲಿ, ಶೆಡ್ಡಿಗೆ ರಜೆ ಇರುವ ದಿನ ಪೆಟ್ಟಿಗೆ ಇಡಿ. ಊಟ ಬೇಡ, ಶಾಲು ಬೇಡ, ಭಾಷಣ ಬೇಡ. ತಾವು ಕೃಪೆ ಮಾಡಿ ಅವಳಿಗೇ ಟಿಕೆಟ್ ಕೊಡಿ ಎಂದು ನಾವು ಕೇಳುತ್ತಿಲ್ಲ. ಸಾಹುಕಾರರ ಜೀಪುಗಳು ಜಾಸ್ತಿ, ನಮ್ಮವರು ಕಡಿಮೆ, ಅವಳು ಸೋಲಬಹುದು. ಸೋತರೆ ಅವಳು ಮಾರನೆಯ ದಿನ ಶೆಡ್ಡಿಗೆ ಹೋಗಿ, ನಾ ಸೋತೆ ಎಂದು ತಲೆ ಎತ್ತಿ ಹೇಳುತ್ತಾಳೆ, ಆ ಹೆಂಗಸರು ಅವಳ ಪಕ್ಕ ಸರಿದು ಜಾಗ ಕೊಡುತ್ತಾರೆ. ಅವಳನ್ನು ಸೋಲಿಸಿ. ಆದರೆ ಎಣಿಸಿ ಸೋಲಿಸಿ.

ಇಂತಿ,
ತಮ್ಮ ಸರ್ವಾನುಮತದೊಳಗೆ ತನ್ನನ್ನು ಕೇಳದೆಯೇ ಸೇರಿಸಲ್ಪಟ್ಟ,
ಚೀಟಿಯನ್ನು ಇನ್ನೂ ಕೈಯಲ್ಲೇ ಹಿಡಿದಿರುವ ಸದಸ್ಯೆ,
ನಸ್ರೀನ
ತಿಕೋಟಾ