ಕೊಳ್ಳಾಗಿನ ಕರಡಿಗಿ

ಹುಬ್ಬಳ್ಳಿ ದವಾಖಾನಿ

ಶರಣ್ರಿ ಅತ್ತಿ,

ಫೋನಿನ್ಯಾಗ ಹೇಳಾಕ ಬಾಯಿ ಬರಲಿಲ್ಲ, ಅದಕ್ಕ ಬರದೇನಿ. ಬೆನ್ನುಬ್ಯಾನಿಗೆ ಅಂತ ಹಿಡಿದಿದ್ದ ಅಮಲಿನ ಗುಳಿಗಿ ಚಟ ಬಿಡಸಾಕ ನಿಮ್ಮ ಮಗನ ತಲಿಗೆ ಅಯಸ್ಕಾಂತದ ಯಂತ್ರ ಹಿಡೀತಾರ. ಆವಾಗ ಮೈಮ್ಯಾಲ ಲೋಹ ಇರಬಾರದಂತ. ಲಿಂಗದ ಬೆಳ್ಳಿ ಕರಡಿಗಿ ಬಿಚ್ರಿ ಅಂದ್ರ ಇವರು ಜಗಳಾನ ತಗದ್ರು. ನರ್ಸಮ್ಮ ಭಕ್ತಿ ಅನಕೊಂಡು ಕೈಮುಗದು ಇಸಗೊಂಡ್ಲು. ಮುಚ್ಚಳ ಬಿಚ್ಚಿತು. ಒಳಗ ಬರೇ ಗುಳಿಗಿ.

ಲಿಂಗ ಎಲ್ಲಿ ಅಂದೆ. “ಮನ್ಯಾಗ ಜ್ವಾಳದ ಗಡಿಗ್ಯಾಗ ಐತಿ. ಅದನ್ನ ಕೊಳ್ಳಾಗ ಇಟಗೊಂಡು ಗುಳಿಗಿ ನುಂಗಾಕ ನಾಚಿಕಿ ಬರ್ತಿತ್ತು” ಅಂದ್ರು.

ಲಿಂಗ ತಗದು ತೊಳದು, ಮೈದುನನ ಕೈಯಾಗ ಹಾನಗಲ್ಲಿಂದ ಇಲ್ಲಿಗೆ ಬರೋ ಬಸ್ಸಿಗೆ ಕಳಸ್ರಿ. ಕರಡಿಗಿ ಬ್ಯಾಡ, ನಿಮ್ಮ ಹಳೇ ಸೀರಿ ಹರದು ಅದರಾಗ ಕಟ್ರಿ. ಅರಿವಿಯಾದ್ರ ಯಂತ್ರದ ಕೆಳಗೂ ಕೊಳ್ಳಾಗ ಇರಲಿ ಅಂದಾರ ಡಾಕ್ಟರು.

ಆ ನಾಚಿಕಿ ಈಗ ಬೇಕ್ರಿ ಇವರಿಗೆ.

ನಿಮ್ಮ ಸೊಸಿ
ಮಲ್ಲಿಕಾ