ಭಾನುವಾರದ ಸದ್ದು

ಬಿಟಿಎಂ ಲೇಔಟ್, ಬೆಂಗಳೂರು
೧೭ ನವೆಂಬರ್ ೨೦೨೪

ಪ್ರೀತಿಯ ಅವ್ವನಿಗೆ ಮಧುಮತಿಯ ಶರಣು. ಕೈಯಲ್ಲಿ ನೂಲು ಸುತ್ತುವ ಕಂಡಿಕೆ ಇದ್ದರೆ ಪಕ್ಕಕ್ಕಿಟ್ಟು ಕೂತು ಓದು, ಇದು ಸ್ವಲ್ಪ ಉದ್ದದ ಕಾಗದ.

ನಿನ್ನ ಪತ್ರ ಬುಧವಾರ ಬಂತು. ಈ ಕಾಲದಲ್ಲೂ ಕಾಗದ ಬರೆಯುವವರು ನೀವಿಬ್ಬರೇ ಇರಬೇಕು ಎಂದು ನಮ್ಮ ಪೋಸ್ಟ್‌ಮ್ಯಾನ್ ನಗುತ್ತಾರೆ. ಅವರಿಗೇನು ಗೊತ್ತು? ನಾನು ಫೋನಿನಲ್ಲಿ ಕಿರುಚಿದ್ದು ಬನಹಟ್ಟಿಯ ಇಡೀ ಓಣಿಗೆ ಕೇಳಿಸಿ ನಿನಗೊಬ್ಬಳಿಗೆ ಕೇಳಿಸುವುದಿಲ್ಲ. ಕೊನೆಗೆ ನಿನ್ನ ತಮ್ಮ, ನಮ್ಮ ಶಂಭುಲಿಂಗಪ್ಪ ಮಾವ, ಫೋನು ಕಸಿದುಕೊಂಡು "ನಿಮ್ಮವ್ವ ಆರಾಮ ಅದಾಳವಾ, ಇಡು" ಎಂದು ಮುಗಿಸಿಬಿಡುತ್ತಾನೆ.

ಬೆಂಗಳೂರಿಗೆ ಬಾ, ನನ್ನ ಜೊತೆಗೇ ಇರು ಎಂದು ಕರೆದದ್ದಕ್ಕೆ ಮತ್ತೆ ಅದೇ ಹಳೆಯ ಉತ್ತರ ಬರೆದಿದ್ದೀ. "ಕಿವುಡಿ ನಾ, ಅಲ್ಲಿ ಬಂದು ಏನ್ ಮಾಡ್ಲಿ? ನಿನಗ ಭಾರ ಆಗೂದು ಬ್ಯಾಡ. ಒಂದ ಮನ್ಯಾಗ ಜೋಡಿಗಿ ನಿನ್ನ ಗೆಳತಿ ಶ್ರೀದೇವಿ ಅದಾಳಲ್ಲ, ಇನ್ನೇನ ಬೇಕು." ಶ್ರೀದೇವಿ ಚೆನ್ನಾಗಿದ್ದಾಳೆ. ಅವಳ ಸುದ್ದಿಯನ್ನು ಕೊನೆಯಲ್ಲಿ ಬರೆಯುತ್ತೇನೆ. ನೀನು ಬರಲೇಬೇಕು ಎಂದು ಈ ಸಲ ಹಟ ಹಿಡಿದಿದ್ದೇನೆ. ಯಾಕೆ ಎಂದು ತಿಳಿಯಬೇಕಾದರೆ ಮೊದಲು ನನ್ನ ತರಬೇತಿಯ ಕಥೆ ಕೇಳು.

ಆಫೀಸಿನವರು ನನ್ನನ್ನು ತೆಗೆದುಕೊಂಡದ್ದೇ ಈ ತರಬೇತಿ ಮುಗಿಸಿ ಸರ್ಟಿಫಿಕೇಟು ತರಬೇಕೆಂಬ ಷರತ್ತಿನ ಮೇಲೆ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ, ಪ್ರತಿ ಶನಿವಾರ ಪಾಠ. ಒಂದು ಕಡೆ ದೊಡ್ಡ ರಸ್ತೆಯೋ ಕಾರ್ಖಾನೆಯೋ ಬರುವ ಮೊದಲು, ಅದರಿಂದ ಅಲ್ಲಿನ ನೀರಿಗೆ, ಗಾಳಿಗೆ, ಮರಗಳಿಗೆ, ಮನುಷ್ಯರಿಗೆ ಏನಾದೀತು ಎಂದು ಸರ್ಕಾರಕ್ಕೆ ವರದಿ ಕೊಡಬೇಕು. ಆ ವರದಿ ಬರೆಯುವುದನ್ನು ಕಲಿಸುತ್ತಾರೆ. ಎಲ್ಲಕ್ಕಿಂತ ಮೊದಲು ಬರೆಯಬೇಕಾದ್ದು, ಈಗ ಆ ಜಾಗ ಹೇಗಿದೆ ಎಂಬುದನ್ನು. ನೀನು ಮಗ್ಗದಲ್ಲಿ ಹೊಕ್ಕು ಹಾಕುವ ಮೊದಲು ಹಾಸಿನ ಎಳೆಗಳ ಮೇಲೆ ಕೈಯಾಡಿಸಿ ನೋಡುತ್ತಿದ್ದೆಯಲ್ಲ, ಹಾಗೆ.

ಕಲಿಸುವವರು ಭಾರ್ಗವ ಸಾರ್. ಇಂಥ ವರದಿ ಬರೆದು ಬರೆದೇ ತಲೆ ನರೆತವರು. ಅವರಿಗೆ ಸಿಟ್ಟು ಬರುವುದು ಒಂದೇ ಕಾರಣಕ್ಕೆ, ಕಣ್ಣಿಂದ ನೋಡದೆ ಬರೆದರೆ. ನಮಗೆ ಅಭ್ಯಾಸಕ್ಕೆಂದು ಇಲ್ಲೇ ಬೆಂಗಳೂರಿನ ಅಂಚಿನ ತಲಘಟ್ಟಪುರದ ಒಂದು ರಸ್ತೆ ಕೊಟ್ಟಿದ್ದರು. ನನ್ನ ಪಕ್ಕ ಕೂರುವ ಶಿವಕಿರಣ್ ಆ ಕಡೆ ತಲೆಯನ್ನೂ ಹಾಕದೆ, ಕರಾವಳಿಯ ಯಾವುದೋ ಹಳೆಯ ವರದಿಯಿಂದ ಪುಟಗಟ್ಟಲೆ ಇಳಿಸಿಕೊಂಡು ಬಂದ. ಅದರ ಜೊತೆಗೆ ಮೀನುಗಾರರ ದೋಣಿಗಳೂ ಬಂದುಬಿಟ್ಟಿದ್ದವು. ಸಾರ್ ಕನ್ನಡಕ ತೆಗೆದು, "ಗುರು, ತಲಘಟ್ಟಪುರಕ್ಕೆ ಸಮುದ್ರ ಯಾವಾಗ ಬಂತು? ಹೇಳಿದ್ರೆ ನಾನೂ ಟವೆಲ್ ತಗೊಂಡು ಹೋಗ್ತಿದ್ದೆ" ಎಂದರು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆದರೆ ಅವತ್ತಿನಿಂದ ಅವರಿಗೆ ಎಲ್ಲರ ಮೇಲೂ ಗುಮಾನಿ.

ಆಮೇಲೆ ಸದ್ದಿನ ಪಾಠ ಬಂತು. ಮಗ್ಗದ ಶೆಡ್ಡಿನಂಥ ಕಡೆ ವರ್ಷಗಟ್ಟಲೆ ದುಡಿದವರ ಕಿವಿ ಹೇಗೆ ಹೋಗುತ್ತದೆ ಎಂದು ಸಾರ್ ಹೇಳುವಾಗ ಎಲ್ಲರೂ ಬರೆದುಕೊಂಡರು. ನಾನು ಪೆನ್ನು ಕೆಳಗಿಟ್ಟು ಕೂತಿದ್ದೆ. ನಿನ್ನನ್ನು ನೋಡಬೇಕೆನಿಸಿತು, ಅಷ್ಟೇ.

ಕೈ ಪಳಗಲಿ ಎಂದು ಸದ್ದು ಅಳೆಯುವ ಯಂತ್ರವನ್ನು ಸರದಿಯ ಮೇಲೆ ಮನೆಗೆ ಕೊಟ್ಟರು. ಒಂದು ಭಾನುವಾರ ಹಗಲೆಲ್ಲ ಮನೆಯೊಳಗೆ ಇಡಬೇಕು. ಸದ್ದಾದರೆ ಗೆರೆ ಏರುತ್ತದೆ, ನಿಂತರೆ ಇಳಿಯುತ್ತದೆ. ಆ ನಕ್ಷೆಯನ್ನು ತಂದು ಒಪ್ಪಿಸಬೇಕು, ಒಪ್ಪಿಗೆಯಾಗದಿದ್ದರೆ ಸರ್ಟಿಫಿಕೇಟಿಲ್ಲ. ವಿಲ್ಸನ್ ಗಾರ್ಡನ್ನಿನ ವಿಜಯಲಕ್ಷ್ಮಿಯದು ಗರಗಸದ ಹಲ್ಲಿನಂತಿತ್ತು. ಮಿಕ್ಸಿ, ಟಿವಿ, ಮಕ್ಕಳ ಜಗಳ, ಅತ್ತೆಯ ಗೊಣಗಾಟ ಎಲ್ಲ ಅದರಲ್ಲಿತ್ತು. ನನ್ನ ಗೆರೆ ನೆಟ್ಟಗೆ ಮಲಗಿತ್ತು. ಬೆಳಿಗ್ಗೆ ಕುಕ್ಕರ್ ಕೂಗಿದ್ದು ಒಂದು ಏರು, ಮಧ್ಯಾಹ್ನ ತಟ್ಟೆ ಕೈಜಾರಿದ್ದು ಇನ್ನೊಂದು. ನನ್ನದು ಕಟ್ಟಡದ ಹಿಂಭಾಗದ ಮನೆ, ಕಿಟಕಿ ತೆರೆದರೆ ಪಕ್ಕದವರ ಗೋಡೆ. ಸಿನಿಮಾ ನೋಡುವುದೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು.

ಸಾರ್ ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಬಿಟಿಎಂನಲ್ಲಿ, ಭಾನುವಾರ, ಇಷ್ಟು ಸೈಲೆಂಟಾ? ಯಂತ್ರ ಇಟ್ಟು ಬೀಗ ಹಾಕ್ಕೊಂಡು ಊರಿಗೆ ಹೋಗಿದ್ರಾ ಮೇಡಂ? ಮನೇಲಿ ಯಾರೂ ಇರ್ಲಿಲ್ವಾ?"

"ನಾನಿದ್ದೆ ಸಾರ್" ಎಂದೆ.

ಎಲ್ಲರೂ ನಕ್ಕರು. ನಾನೂ ನಕ್ಕೆ ಅವ್ವ, ನಗದಿದ್ದರೆ ಚೆನ್ನಾಗಿರುತ್ತಿರಲಿಲ್ಲ. ಇನ್ನೊಮ್ಮೆ ಸರಿಯಾಗಿ ಅಳೆದು ತನ್ನಿ ಎಂದು ಯಂತ್ರವನ್ನು ಮತ್ತೆ ಕೈಗೆ ಕೊಟ್ಟರು.

ಮರುದಿನ ಭಾನುವಾರ. ಯಂತ್ರವನ್ನು ಮೇಜಿನ ಮೇಲಿಟ್ಟು ಎದುರಿಗೆ ಕೂತೆ. ಏನಾದರೂ ಮಾತಾಡಬೇಕು, ಯಾರೊಡನೆ ಮಾತಾಡಲಿ? ಕೊನೆಗೆ ಪೆಟ್ಟಿಗೆಯಿಂದ ನಿನ್ನ ಕಾಗದಗಳನ್ನೆಲ್ಲ ತೆಗೆದು ಗಟ್ಟಿಯಾಗಿ ಓದತೊಡಗಿದೆ. ಓದುತ್ತಾ ಓದುತ್ತಾ ಅದು ನಿನ್ನದೇ ದನಿಯಾಯಿತು. ಮಗ್ಗದ ಸದ್ದನ್ನು ಮೀರಿ ಕೂಗಿ ಕೂಗಿ ರೂಢಿಯಾದ ನಿನ್ನ ದನಿ ನಿನಗೇ ಗೊತ್ತಲ್ಲ. "ಏ ಮಧೂ, ಉಂಡಿಯೇನ?" ಎಂದು ನೀನು ಕೇಳಿದರೆ ಓಣಿಯವರೆಲ್ಲ "ಉಂಡೀವಿ" ಎನ್ನಬೇಕು. ಬಸ್ಸಿನಲ್ಲಿ ಜನ ತಿರುಗಿ ನೋಡುತ್ತಾರೆಂದು, ಮೆಲ್ಲಗೆ ಮಾತಾಡು ಎಂದು ನಿನ್ನ ಸೆರಗು ಎಳೆಯುತ್ತಿದ್ದವಳು ನಾನೇ. ಅವತ್ತು ಆ ದನಿಯಲ್ಲಿ ನಾನೇ ನನ್ನನ್ನು ಬೈದುಕೊಂಡೆ, ರೊಟ್ಟಿ ತಿನ್ನಲು ಕರೆದೆ, ಮಾವನನ್ನು ಆಡಿಕೊಂಡೆ. ಕೆಳಗಿನ ಮನೆಯ ಆಂಟಿ ಬಂದು "ಊರಿಂದ ಯಾರಾದ್ರೂ ಬಂದಿದ್ದಾರೇನಮ್ಮ?" ಎಂದು ಕೇಳಿ ಹೋದರು. ಸಂಜೆ ಯಂತ್ರ ಆರಿಸಿದ ಮೇಲೆ ಮನೆ ಮೊದಲಿಗಿಂತ ಖಾಲಿ ಅನಿಸಿತು. ಕೂತು ಅತ್ತೆ.

ಸಾರ್‌ಗೆ ಖುಷಿಯಾಯಿತು. "ಈಗ ಮನೆ ಥರ ಇದೆ ನೋಡಿ. ಯಾರು ಬಂದಿದ್ರು?" ಎಂದರು. "ನಮ್ಮವ್ವ ಸಾರ್" ಎಂದೆ. ಸಹಿ ಹಾಕಿದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಪಕ್ಕದಲ್ಲಿ ಶಿವಕಿರಣ್ ಕೂತಿದ್ದ. ಪಾಪ, ಈ ಸಲ ಬಿಸಿಲಲ್ಲಿ ತಲಘಟ್ಟಪುರ ಸುತ್ತಿ, ಮುಖ ಕಪ್ಪು ಮಾಡಿಕೊಂಡು ಬಂದಿದ್ದ. ಇಲ್ಲದ ದೋಣಿ ತಂದ ಅವನಿಗೂ ಇಲ್ಲದ ಅವ್ವನನ್ನು ತಂದ ನನಗೂ ಏನು ವ್ಯತ್ಯಾಸ? ವಾರವೆಲ್ಲ ಇದೇ ಕೊರೆಯಿತು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂದು ನೀನೇ ಹೇಳುತ್ತಿದ್ದೆ. ಒದ್ದರೆ ಒದೆಯಲಿ, ಕೆಲಸ ಹೋದರೆ ಹೋಗಲಿ ಎಂದು ನಿನ್ನೆ ಪಾಠ ಮುಗಿದ ಮೇಲೆ ಎಲ್ಲ ಹೇಳಿಬಿಟ್ಟೆ.

ಭಾರ್ಗವ ಸಾರ್ ಕನ್ನಡಕ ಸರಿಮಾಡಿಕೊಂಡರು. ಮೇಜಿನ ಡ್ರಾಯರಿನಲ್ಲಿ ಹುಡುಕಿ ನನ್ನ ಮೊದಲನೇ ನಕ್ಷೆಯನ್ನು ತೆಗೆದರು. "ಇದೇ ಸರಿಯಾಗಿತ್ತಮ್ಮ. ನಾನೇ ನಂಬಲಿಲ್ಲ" ಎಂದು ಅದಕ್ಕೆ ಸಹಿ ಹಾಕಿದರು. ಅಲ್ಲಿಯವರೆಗೆ ನನ್ನನ್ನು ಮೇಡಂ ಎನ್ನುತ್ತಿದ್ದರು. ಸರ್ಟಿಫಿಕೇಟು ಮುಂದಿನ ತಿಂಗಳು ಕೊಡುತ್ತಾರಂತೆ.

ಇವತ್ತು ಮತ್ತೆ ಭಾನುವಾರ. ಸಾರ್‌ಗೆ ನಿಜ ಹೇಳಿದವಳು ನಿನಗೆ ಹೇಳದಿದ್ದರೆ ಹೇಗೆ ಎಂದು ಬರೆಯಲು ಕೂತೆ. ಇಷ್ಟು ದಿನ ನಿನ್ನನ್ನು ಕರೆದದ್ದು ಡಾಕ್ಟರಿಗೆ ತೋರಿಸೋಣ, ಕಿವಿಗೆ ಮಷಿನು ಹಾಕಿಸೋಣ ಎಂದು. ಅದೂ ಸುಳ್ಳಲ್ಲ. ಆದರೆ ನೀನು ನನಗೆ ಭಾರವಾಗುತ್ತೀ ಎನ್ನುತ್ತೀಯಲ್ಲ, ಈ ಮನೆಯಲ್ಲಿ ನನಗೆ ಭಾರವಾಗಿರುವುದು ಬೇರೆ. ನನಗೆ ಒಬ್ಬಳೇ ಇರಲು ಆಗುತ್ತಿಲ್ಲ ಅವ್ವ.

ಮಾವನಿಗೂ ಅತ್ತೆಗೂ ಶರಣು ತಿಳಿಸು.

ನಿನ್ನ ಮಗಳು,
ಮಧು

ವಿ.ಸೂ.: ಶ್ರೀದೇವಿಯ ಸುದ್ದಿ ಉಳಿಯಿತು. ಅವಳು ಶ್ರಾವಣದಲ್ಲೇ ಮದುವೆಯಾಗಿ ಅರೆಕೆರೆಗೆ ಹೋದಳು. ಆಮೇಲಿನ ಪತ್ರಗಳಲ್ಲಿ ಅವಳು ಹೋಳಿಗೆ ಮಾಡಿದ್ದು, ನನಗೆ ಜ್ವರ ಬಂದಾಗ ಗಂಜಿ ಕಾಸಿಕೊಟ್ಟದ್ದು ಎಲ್ಲ ನಾನೇ ಹೊಸೆದದ್ದು, ನೀನು ಕೊರಗಬಾರದೆಂದು. ಅವಳ ಮಂಚ ಖಾಲಿ ಇದೆ. ನನ್ನ ಮಾತು ನಿನಗೆ ಕೇಳಿಸದಿದ್ದರೂ ಚಿಂತೆಯಿಲ್ಲ, ನಿನ್ನದು ನನಗೆ ಕೇಳಿಸಿದರೆ ಸಾಕು. ಬಂದುಬಿಡು. ಮೆಲ್ಲಗೆ ಮಾತಾಡು ಎಂದು ಇನ್ನು ಹೇಳುವುದಿಲ್ಲ.